ದೇವಾಲಯದ ತೊಲೆಗಳೂ ಅವುಗಳ ಅಂಚಿನ ಅಲಂಕಾರವೂ

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ವಿಚಾರಣಾ ಗುರುಗಳು ಬರೆಯುವ ಲೇಖನವೆಂದರೆ ಧರ್ಮಕೇಂದ್ರದ ಸ್ಥಾಪನೆ, ಹಿಂದಿನ ಗುರುಗಳ ಸೇವೆ, ದಾನಿಗಳ ಔದಾರ್ಯ ಇವುಗಳನ್ನು ಕುರಿತು ಇರಬೇಕೆಂಬುದು ರೂಢಿ. ಆ ಚರಿತ್ರೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಅಂಗೈಯಗಲದ ಒಂದು ವಿಷಯವನ್ನು.

ನಮ್ಮ ದೇವಾಲಯದ ಹಿಂಭಾಗದಲ್ಲಿ ಗಾಯನವೃಂದದವರು ನಿಲ್ಲುವ ಅಟ್ಟವನ್ನು ಮೂರು ತೇಗದ ತೊಲೆಗಳು ಹೊತ್ತಿವೆ. ಬಾಗಿಲಿನಿಂದ ಒಳಗೆ ಬಂದು ತೀರ್ಥದಲ್ಲಿ ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಅವು ನಮ್ಮ ತಲೆಯ ಮೇಲೆಯೇ ಇರುತ್ತವೆ. ಆದಕಾರಣ ಯಾರೂ ಅವನ್ನು ನೋಡಿದವರಲ್ಲ. ಆ ತೊಲೆಗಳ ಕೆಳಗಿನ ಚೂಪಾದ ಅಂಚುಗಳನ್ನು ಓರೆಯಾಗಿ ಸವರಲಾಗಿದೆ. ಆದರೆ ಆ ಸವರಿಕೆ ಗೋಡೆಯವರೆಗೆ ಹೋಗುವುದಿಲ್ಲ. ಗೋಡೆಗೆ ಇನ್ನೂ ಒಂದು ಗೇಣು ಇರುವಂತೆಯೇ ಅದು ಬಾಗಿ, ಕಿರಿದಾಗಿ, ಸಣ್ಣ ನಾಲಗೆಯ ಆಕಾರದಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆಗೆ ತೊಲೆ ಮತ್ತೆ ಶುದ್ಧ ಚೌಕ. ಉತ್ಸವದ ನವೀಕರಣದ ಅಂಗವಾಗಿ ಈ ತೊಲೆಗಳಿಗೆ ಯಂತ್ರದ ಕೀಸುಳಿ ಹಾಕಿಸಿ, ಅಂಚುಗಳನ್ನು ಒಂದೇ ಸಮನಾಗಿ ಮಾಡಿ, ಮೇಲೆ ಪ್ಲೈವುಡ್ ಹೊದಿಸಬೇಕೆಂಬ ಸಲಹೆ ಸಮಿತಿಯ ಮುಂದೆ ಬಂದಿತ್ತು. ನಮ್ಮ ಅಭಿಪ್ರಾಯವನ್ನು ಕೇಳಿದಾಗ "ಸ್ವಲ್ಪ ತಡೆಯಿರಿ" ಎಂದಷ್ಟೇ ಹೇಳಿದೆವು. ಏಕೆ ತಡೆಯಬೇಕೆಂಬುದನ್ನು ಆ ಸಭೆಯಲ್ಲಿ ಸರಿಯಾಗಿ ವಿವರಿಸಲಾಗಲಿಲ್ಲ. ಆ ಬಾಕಿಯನ್ನು ಈ ಪುಟಗಳಲ್ಲಿ ತೀರಿಸುತ್ತಿದ್ದೇವೆ.

ಮರಗೆಲಸದ ಮಾತು ಎಲ್ಲರಿಗೂ ಪರಿಚಿತವಲ್ಲವಾದ್ದರಿಂದ ಮೊದಲು ವಸ್ತುವನ್ನು ಸ್ಪಷ್ಟಪಡಿಸಿಕೊಳ್ಳೋಣ. ದುಂಡು ಮರವನ್ನು ನಾಲ್ಕು ಕಡೆ ಕೆತ್ತಿ ಚೌಕ ಮಾಡಿದಾಗ ಎರಡು ಮುಖಗಳು ಕೂಡುವಲ್ಲಿ ಚೂಪಾದ ಏಣು ಉಂಟಾಗುತ್ತದೆ. ನೋಟಕ್ಕೆ ಇದು ಖಡ್ಗದ ಅಂಚಿನಂತೆ ದೃಢವಾಗಿ ಕಂಡರೂ ತೊಲೆಯ ಅತಿ ದುರ್ಬಲ ಭಾಗ ಇದೇ. ಏನಾದರೂ ತಗುಲಿದರೆ ಸಿಬಿರು ಏಳುತ್ತದೆ. ತಲೆಗೆ ಬಡಿದರೆ ಗಾಯವಾಗುತ್ತದೆ. ಬೆಂಕಿ ತಗುಲಿದರೆ ಮೊದಲು ಹೊತ್ತಿಕೊಳ್ಳುವುದು ಚೂಪಾದ ಮೂಲೆಯೇ. ತಿರುಳಿನ ಹೊರಗಿರುವ ಬಿಳಿಯ ಮೆದು ಮರ ಉಳಿದುಕೊಳ್ಳುವುದೂ ಬಹುಮಟ್ಟಿಗೆ ಆ ಮೂಲೆಗಳಲ್ಲಿ. ಹುಳು ಮೊದಲು ಹಿಡಿಯುವುದೂ ಅಲ್ಲಿಯೇ. ಆದ್ದರಿಂದ ಬಡಗಿಯು ಆ ಏಣನ್ನು 45 ಡಿಗ್ರಿ ಓರೆಯಲ್ಲಿ ಕೆತ್ತಿ ತೆಗೆಯುತ್ತಾನೆ. ಇಂಗ್ಲಿಷಿನಲ್ಲಿ ಇದಕ್ಕೆ ಚೇಂಫರ್ ಎಂಬ ಹೆಸರು. ನಾವು ಓರೆಯಂಚು ಎನ್ನೋಣ. ಈ ಓರೆಯಂಚು ತೊಲೆಯ ತುದಿಯನ್ನು ಮುಟ್ಟುವ ಮುಂಚೆ ನಿಂತುಬಿಡುವ ಸ್ಥಳಕ್ಕೆ ಅವರು ಸ್ಟಾಪ್ ಎನ್ನುತ್ತಾರೆ. ನಾವು ನಿಲುಗಡೆ ಎನ್ನೋಣ.

ಸವರುವುದೇನೋ ಸರಿ, ನಿಲ್ಲಿಸುವುದೇಕೆ? ಇದರಲ್ಲಿಯೇ ವಿಷಯದ ಹುರುಳಿದೆ. ಎರಡು ಮರಗಳನ್ನು ಕೂಡಿಸುವಾಗ ಒಂದರ ತುದಿಯಲ್ಲಿ ನಾಲಗೆ ಬಿಡಿಸಿ ಇನ್ನೊಂದರ ಮೈಯಲ್ಲಿ ತೋಡಿದ ಗೂಡಿಗೆ ತೂರಿಸುತ್ತಾರೆ. ನಾಲಗೆಯ ಸುತ್ತಲಿನ ಭುಜವು ಎದುರಿನ ಮರದ ಸಮತಟ್ಟಾದ ಮೈಗೆ ಪೂರ್ತಿಯಾಗಿ ಒತ್ತಿ ಕೂತಾಗಲೇ ಕೂಡಿಕೆ ಗಟ್ಟಿ. ಓರೆಯಂಚು ಅಲ್ಲಿಯವರೆಗೂ ಹರಿದುಹೋದರೆ ಭುಜದ ಮೂಲೆಯಲ್ಲಿ ಮುಕ್ಕೋನದ ಒಂದು ಸಂದು ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಮರ ಎಲ್ಲಿ ಪೂರ್ತಿಯಾಗಿ ಬೇಕೋ ಅಲ್ಲಿಯೇ ಅದು ಕಡಿಮೆಯಾದಂತಾಗುತ್ತದೆ. ಹೀಗಾಗಿ ಮನುಷ್ಯರ ಕೈ ಮೈ ಸೋಕುವೆಡೆ ಮರವನ್ನು ಸವರಬೇಕು. ಭಾರ ಹೊರುವೆಡೆ ಹಾಗೆಯೇ ಬಿಡಬೇಕು. ಈ ಎರಡು ಅಗತ್ಯಗಳ ನಡುವಣ ಗಡಿಯೇ ನಿಲುಗಡೆ. ಅಲಂಕಾರವು ಆಮೇಲೆ ಬಂದುದು. ಹೇಗೂ ನಿಲ್ಲಿಸಲೇಬೇಕಾದ ಮೇಲೆ ಅಂದವಾಗಿ ನಿಲ್ಲಿಸೋಣ ಎಂದುಕೊಂಡ ಬಡಗಿಯಿಂದ ಅದು ಹುಟ್ಟಿತು.

ಈ ಕಲೆಯ ಚರಿತ್ರೆಯನ್ನು ವಿದ್ವಾಂಸರು ಹೆಚ್ಚಾಗಿ ಶೋಧಿಸಿರುವುದು ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳಲ್ಲಿ. ಅಲ್ಲಿ ಓಕ್ ಮರದ ಚೌಕಟ್ಟಿನ ಮನೆಗಳೂ ದೇವಾಲಯದ ಮಾಡುಗಳೂ ಐದಾರು ಶತಮಾನ ಕಳೆದರೂ ನಿಂತಿವೆ. ಅಲ್ಲಿನ ಮಧ್ಯಯುಗದ ಬಡಗಿಗಳು ಓಕ್ ಮರವನ್ನು ಒಣಗಿಸದೆ ಹಸಿಯಾಗಿಯೇ ಕೆತ್ತುತ್ತಿದ್ದರು. ಇಡೀ ಚೌಕಟ್ಟನ್ನು ಮೊದಲು ನೆಲದ ಮೇಲೆ ಹಾಸಿ, ಕೂಡಿಕೆಗಳನ್ನು ಬಿಡಿಸಿ, ಯಾವ ಮರ ಯಾವುದಕ್ಕೆ ಎಂದು ತಿಳಿಯಲು ರೋಮನ್ ಅಂಕಿಗಳಂಥ ಗೀರುಗಳನ್ನು ಹಾಕಿ, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದರು. ಓರೆಯಂಚನ್ನು ಕೆತ್ತುತ್ತಿದ್ದುದು ಸಾಮಾನ್ಯವಾಗಿ ಎತ್ತುವ ಮೊದಲು. ಇದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಕಂಬ ಎಲ್ಲಿ ಬರುತ್ತದೆ, ಗೋಡೆ ಎಲ್ಲಿ ಬರುತ್ತದೆ ಎಂಬುದು ಕಟ್ಟಡ ಏಳುವ ಮೊದಲೇ ಬಡಗಿಗೆ ನಿಶ್ಚಯವಾಗಿರದಿದ್ದರೆ ಅವನು ನಿಲುಗಡೆಯನ್ನು ಕೆತ್ತಲಾರ. ಆದ್ದರಿಂದ ನಿಲುಗಡೆಯೆಂದರೆ ಮರದ ಮೇಲೆಯೇ ಬರೆದಿಟ್ಟ ನಕ್ಷೆ.

ಹಳೆಯ ನಿಲುಗಡೆಗಳಲ್ಲಿ ಒಂದು ಬಗೆ ಕಲ್ಲುಕುಟಿಗರಿಂದ ಬಂದುದು. ಚೌಕ ಕಂಬದ ನಾಲ್ಕು ಏಣುಗಳನ್ನು ಸವರಿದರೆ ಅದು ಎಂಟು ಮುಖದ ಕಂಬವಾಗುತ್ತದೆ. ಬುಡದಲ್ಲಿ ಚೌಕವಾಗಿದ್ದುದು ಮೇಲೆ ಎಂಟು ಮುಖವಾಗುವಾಗ ಪ್ರತಿ ಮೂಲೆಯಲ್ಲಿಯೂ ಉಳಿಯುವ ಮುಕ್ಕೋನದ ತುಣುಕನ್ನು ಅರ್ಧ ಪಿರಮಿಡ್ಡಿನ ಆಕಾರಕ್ಕೆ ಕೆತ್ತಿದರೆ ಬೆಟ್ಟದ ತುದಿಯಂಥ ಒಂದು ನಿಲುಗಡೆ ಸಿದ್ಧವಾಗುತ್ತದೆ. ಇಂಗ್ಲಿಷರು ಇದಕ್ಕೆ ಬ್ರೋಚ್ ಎನ್ನುತ್ತಾರೆ. ನಾರ್ತಾಂಪ್ಟನ್‌ಷೈರ್, ರಟ್ಲೆಂಡ್ ಪ್ರಾಂತಗಳ ಮಧ್ಯಯುಗದ ದೇವಾಲಯಗಳಲ್ಲಿ ಚೌಕ ಗೋಪುರದ ಮೇಲೆ ಎಂಟು ಮುಖದ ಚೂಪುಶಿಖರವನ್ನು ಕೂರಿಸುವಾಗಲೂ ನಾಲ್ಕು ಮೂಲೆಗಳಲ್ಲಿ ಇದೇ ಅರ್ಧ ಪಿರಮಿಡ್ಡುಗಳನ್ನು ಇಟ್ಟಿದ್ದಾರೆ. ರಟ್ಲೆಂಡಿನ ಕೆಟನ್ ಗ್ರಾಮದ ಸಂತ ಮರಿಯಮ್ಮನವರ ದೇವಾಲಯದ ಶಿಖರ ಇದಕ್ಕೆ ಪ್ರಸಿದ್ಧ ಉದಾಹರಣೆ. ನೂರಡಿ ಮೇಲೆ ಕಲ್ಲಿನಲ್ಲಿ ಮಾಡಿದುದನ್ನೇ ಬಡಗಿಯು ಬಾಗಿಲ ಚೌಕಟ್ಟಿನ ಬುಡದಲ್ಲಿ ಎರಡಂಗುಲದ ಅಳತೆಯಲ್ಲಿ ಮಾಡಿದನು.

ಚೌಕವನ್ನು ಎಂಟು ಮುಖವಾಗಿಸುವ ಈ ಪ್ರಶ್ನೆಯನ್ನು ನಮ್ಮ ನಾಡಿನ ಶಿಲ್ಪಿಗಳೂ ಎದುರಿಸಿದ್ದಾರೆ. ಹಂಪೆಯನ್ನು ನೋಡಿಬಂದವರು ಅಲ್ಲಿನ ಮಂಟಪಗಳ ಕಂಬಗಳನ್ನು ನೆನಪಿಗೆ ತಂದುಕೊಳ್ಳಲಿ. ಕಂಬದ ಚೌಕ ಭಾಗ ಮುಗಿದು ಬಹುಮುಖ ಭಾಗ ಆರಂಭವಾಗುವೆಡೆ ಮೂಲೆಗಳಲ್ಲಿ ಹೆಡೆಯಂತೆ ಎದ್ದು ನಿಂತ ಪುಟ್ಟ ಕೆತ್ತನೆಗಳಿವೆ. ಶಿಲ್ಪಿಗಳು ಅದಕ್ಕೆ ನಾಗಬಂಧವೆಂದು ಹೆಸರಿಟ್ಟಿದ್ದಾರೆ. ಇಂಗ್ಲೆಂಡಿನ ಬಡಗಿಗೂ ವಿಜಯನಗರದ ಶಿಲ್ಪಿಗೂ ಯಾವ ಸಂಪರ್ಕವೂ ಇರಲಿಲ್ಲ. ಸಮಸ್ಯೆ ಒಂದೇ ಆದ್ದರಿಂದ ಉತ್ತರವೂ ಒಂದೇ ಸ್ಥಳದಲ್ಲಿ ಹುಟ್ಟಿತು. ಒಬ್ಬನಿಗೆ ಅಲ್ಲಿ ಬೆಟ್ಟ ಕಂಡಿತು, ಇನ್ನೊಬ್ಬನಿಗೆ ಹೆಡೆ.

ಇನ್ನು ನಮ್ಮ ಅಟ್ಟದ ತೊಲೆಗಳಲ್ಲಿರುವ ನಾಲಗೆಯ ವಿಷಯ. ಇಂಗ್ಲಿಷ್ ಬಡಗಿಗಳು ಇದನ್ನು ಕುರಿಮರಿಯ ನಾಲಗೆ ಎಂದು ಕರೆದರು. ದೇವರ ಕುರಿಮರಿಯನ್ನು ನೆನೆದು ಇಟ್ಟ ಹೆಸರು ಇದಾಗಿರಬಹುದೇ ಎಂದು ನಮ್ಮ ಉಪದೇಶಿಗಳೊಬ್ಬರು ಉತ್ಸಾಹದಿಂದ ಕೇಳಿದರು. ಹಾಗೆ ಹೇಳಲು ನಮಗೆ ಆಧಾರವಿಲ್ಲ. ಕೇವಲ ಆಕಾರದಿಂದ ಬಂದ ಹೆಸರೆಂದೇ ನಮ್ಮ ತಿಳಿವಳಿಕೆ. ಇದರ ಸೊಬಗಿನ ಗುಟ್ಟು ಒಂದಿದೆ. ಓರೆಯಂಚಿನ ಅಗಲವು ಅದರ ಆಳವನ್ನು ಅನುಸರಿಸುತ್ತದೆ. ಆಳ ಕಡಿಮೆಯಾದಂತೆ ಅಗಲವೂ ಕಡಿಮೆಯಾಗುತ್ತದೆ. ಬಡಗಿಯು ಓರೆಯ ಮೈಯನ್ನು ತುದಿಯಲ್ಲಿ ಮೊದಲು ತಗ್ಗಾಗಿ, ಆಮೇಲೆ ಉಬ್ಬಾಗಿ ಬಾಗಿಸಿ ಏಣಿನ ಮಟ್ಟಕ್ಕೆ ಏರಿಸಿದನೆಂದರೆ, ಆ ಒಂದೇ ಬಾಗಿನಿಂದ ಎಡಬಲ ಎರಡೂ ಬದಿಯ ರೇಖೆಗಳು ತಾವಾಗಿಯೇ ಒಂದರಂತೊಂದು ಬಳುಕಿ ತುದಿಯಲ್ಲಿ ಕೂಡುತ್ತವೆ. ನಾಲಗೆಯ ಆಕಾರವನ್ನು ಅವನು ಬರೆಯಬೇಕಾಗಿಲ್ಲ; ಉಳಿಯ ಬಾಗೇ ಅದನ್ನು ಬರೆಯುತ್ತದೆ.

ಕೆತ್ತುವುದು ಮಾತ್ರ ಹೇಳುವಷ್ಟು ಸುಲಭವಲ್ಲ. ತೊಲೆಯ ಉದ್ದಕ್ಕೂ ಮರದ ಎಳೆ ಒಂದೇ ದಿಕ್ಕಿಗೆ ಹರಿದಿರುತ್ತದೆ. ಉಳಿಯನ್ನು ತಗ್ಗಿನಿಂದ ತುದಿಯ ಕಡೆಗೆ ಏರುಮುಖವಾಗಿ ತಳ್ಳಿದರೆ ಬಾಯಿ ಎಳೆಯ ಅಡಿಗೆ ನುಗ್ಗಿ ಏಣಿನ ಒಂದು ಚಕ್ಕೆಯನ್ನೇ ಎಬ್ಬಿಸಿಬಿಡುತ್ತದೆ. ತುದಿಯಿಂದ ತಗ್ಗಿನ ಕಡೆಗೆ ಇಳಿಮುಖವಾಗಿಯೇ ಕೆತ್ತಬೇಕು. ತೊಲೆಯ ಎರಡು ಕೊನೆಗಳಲ್ಲಿ ಎರಡು ವಿರುದ್ಧ ದಿಕ್ಕುಗಳಿಂದ ಕೆಲಸ ಮಾಡಬೇಕಾದ್ದರಿಂದ ಬಲಗೈ ಪಳಗಿದಷ್ಟು ಎಡಗೈಯೂ ಪಳಗಿರಬೇಕು. ಒಂದೇ ತೊಲೆಯ ಎರಡು ನಿಲುಗಡೆಗಳನ್ನು ಹೋಲಿಸಿದರೆ ಬಡಗಿ ಎಂಥವನೆಂಬುದು ತಿಳಿದುಬಿಡುತ್ತದೆ. ನಮ್ಮ ಅಟ್ಟದ ಬಡಗಿ ಒಳ್ಳೆಯ ಕಸುಬುದಾರ. ಆದರೂ ಉತ್ತರದ ಕಡೆಯ ನಾಲಗೆಗಳು ದಕ್ಷಿಣದವುಗಳಿಗಿಂತ ಕೊಂಚ ಮೊಂಡು.

ಇಂಗ್ಲೆಂಡಿನಲ್ಲಿ ಈ ಕುರಿಮರಿಯ ನಾಲಗೆ ಹೆಚ್ಚಾಗಿ ಬಳಕೆಗೆ ಬಂದುದು 16ನೇ ಶತಮಾನದ ಕೊನೆಯಲ್ಲಿ ಮತ್ತು 17ನೇ ಶತಮಾನದಲ್ಲಿ. ಅದಕ್ಕೆ ಮೊದಲು ಪಿರಮಿಡ್ಡಿನಂಥವು, ನೇರ ಓರೆಯವು, ಮೆಟ್ಟಿಲಿನಂಥವು ಇದ್ದವು. ನಾಲಗೆಯ ತುದಿಗೆ ಒಂದು ಗೀರು, ಒಂದು ಪಟ್ಟಿ, ಒಂದು ಸಣ್ಣ ಎಲೆ ಸೇರಿಸಿ ಮೆರೆದವರೂ ಉಂಟು. 18ನೇ ಶತಮಾನ ಬರುತ್ತಿದ್ದಂತೆ ಸ್ಥಿತಿವಂತರ ಮನೆಗಳಲ್ಲಿ ಸುಣ್ಣದ ಗಾರೆಯ ಒಳಮಾಳಿಗೆ ಬಂದು ತೊಲೆಗಳು ಮರೆಯಾದವು. ಕಾಣದ ತೊಲೆಗೆ ಅಲಂಕಾರವೇಕೆ? ಕಲೆ ಬಡವರ ಮನೆಗಳಲ್ಲಿಯೂ ಗಾಡಿ ಮಾಡುವವರ ಅಂಗಡಿಗಳಲ್ಲಿಯೂ ಉಳಿದುಕೊಂಡಿತು.

ಓರೆಯಂಚಿಗಿಂತ ಹೆಚ್ಚಿನ ಕೆಲಸವಿರುವ ಗೆರೆಯಚ್ಚುಗಳನ್ನು ಮುಗಿಸುವಲ್ಲಿಯೂ ಇದೇ ಬುದ್ಧಿ ಕೆಲಸ ಮಾಡಿದೆ. ಇಲ್ಲಿ ಒಂದು ನಿದರ್ಶನವನ್ನು ಬಿಡಲು ಮನಸ್ಸಾಗದು. 15ನೇ ಶತಮಾನದ ಕೊನೆಯ ವೇಳೆಗೆ ಫ್ಲಾಂಡರ್ಸಿನಲ್ಲಿಯೂ ಅನಂತರ ಇಂಗ್ಲೆಂಡಿನಲ್ಲಿಯೂ ಗೋಡೆಗೂ ಪೆಟ್ಟಿಗೆಗಳಿಗೂ ಹೊದಿಸುವ ಹಲಗೆಗಳ ಮೇಲೆ ಉದ್ದುದ್ದ ಗೆರೆಗಳನ್ನು ಕೀಸುಳಿಯಿಂದ ತೆಗೆಯುವುದು ವಾಡಿಕೆಯಾಯಿತು. ಗೆರೆ ತೆಗೆಯುವುದು ಸುಲಭ. ಅದು ಹಲಗೆಯ ತುದಿಗೆ ಬಂದಾಗ ಏನು ಮಾಡಬೇಕು? ಯಾವನೋ ಹೆಸರಿಲ್ಲದ ಕುಶಲಕರ್ಮಿ ಆ ಏರುತಗ್ಗುಗಳಲ್ಲಿ ಬಟ್ಟೆಯ ನೆರಿಗೆಗಳನ್ನು ಕಂಡನು. ಗೆರೆಗಳ ತುದಿಗಳನ್ನು ಮಡಿಸಿದ ನಾರುಬಟ್ಟೆಯ ಅಂಚಿನಂತೆ ಒಳಗೆ ಹೊರಗೆ ಸುತ್ತಿ ಕೆತ್ತಿದನು. ಕೆಲವರು ಆ ಅಂಚಿನಲ್ಲಿ ಕಸೂತಿಯಂತೆ ಸಣ್ಣ ಚುಕ್ಕಿಗಳನ್ನೂ ಒತ್ತಿದರು. ಹೀಗೆ ತುದಿಯೊಂದು ಮುಗಿದ ರೀತಿಯಿಂದ ಇಡೀ ಹಲಗೆಗೆ ಹೊಸ ಅರ್ಥ ಬಂದಿತು. ಕೇವಲ ಗೆರೆಗಳಾಗಿದ್ದುವು ಬಲಿಪೀಠದ ವಸ್ತ್ರವನ್ನು ನೆನಪಿಸುವ ಮಡಿಕೆಗಳಾದವು.

ಅದೇ ಕಾಲದ ಹಲಗೆಗೋಡೆಗಳ ಚೌಕಟ್ಟಿನಲ್ಲಿ ಇನ್ನೊಂದು ವಿನಯವಾದ ಸಂಗತಿ ಕಾಣುತ್ತದೆ. ಮೇಲಿನ ಹಾಗೂ ಪಕ್ಕದ ಪಟ್ಟಿಗಳ ಅಂಚಿನಲ್ಲಿ ಗೆರೆಯಚ್ಚು ಇರುತ್ತದೆ. ಪಕ್ಕದ ಪಟ್ಟಿಯ ಗೆರೆಯಚ್ಚು ಕೆಳಗಿನ ಅಡ್ಡಪಟ್ಟಿಗೆ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಕೆಳಗಿನ ಪಟ್ಟಿಗೆ ಮಾತ್ರ ಸಾದಾ ಓರೆಯಂಚು. ಕೆಳಗೆ ಗೆರೆಯಿದ್ದರೆ ಧೂಳು ಕೂರುತ್ತದೆ; ಓರೆಯಿದ್ದರೆ ಜಾರಿಬೀಳುತ್ತದೆ. ದೇವಾಲಯ ಗುಡಿಸುವವರ ಕಷ್ಟ ಬಲ್ಲ ಬಡಗಿ ಅವನು.

ಇಷ್ಟರವರೆಗೆ ಅಂದಚಂದದ ಮಾತಾಯಿತು. ಈ ಸಣ್ಣ ಕೆತ್ತನೆಗಳು ಸಾಕ್ಷಿ ನುಡಿಯಬಲ್ಲವೆಂಬುದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಸರ್ ಸಿರಿಲ್ ಫಾಕ್ಸ್ ಮತ್ತು ಲಾರ್ಡ್ ರಾಗ್ಲನ್ ಪ್ರಮುಖರು. 1940ರ ದಶಕದಲ್ಲಿ ಇವರಿಬ್ಬರೂ ವೇಲ್ಸಿನ ಗಡಿಯ ಮನ್‌ಮತ್‌ಷೈರಿನ ಹಳ್ಳಿಹಳ್ಳಿಗೂ ಹೋಗಿ ನೂರಾರು ರೈತರ ಮನೆಗಳನ್ನು ಅಳೆದರು. ಅಲ್ಲಿ ಶಾಸನಗಳಿಲ್ಲ, ಕಾಗದಪತ್ರಗಳೂ ಅಪರೂಪ. ಬಾಗಿಲ ತಲೆಗಟ್ಟು, ಕಿಟಕಿಯ ಸರಳು, ತೊಲೆಯ ನಿಲುಗಡೆ ಇವುಗಳನ್ನೇ ಚಿತ್ರ ಬರೆದುಕೊಂಡು, ಒಂದರೊಡನೊಂದು ಹೋಲಿಸಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸಿದರು. 1951ರಿಂದ 1954ರವರೆಗೆ ಮೂರು ಸಂಪುಟಗಳಾಗಿ ಅವರ ಗ್ರಂಥ ಪ್ರಕಟವಾಯಿತು. ಮುಂದೆ ಮರದ ಬಳೆಗಳನ್ನು ಎಣಿಸಿ ಕಡಿದ ವರ್ಷವನ್ನೇ ಹೇಳುವ ವಿದ್ಯೆ ಬಂದಾಗ, ದೂರದ ಹಳ್ಳಿಗಳಲ್ಲಿ ಹಳೆಯ ಮಾದರಿಗಳು ಪೇಟೆಯಲ್ಲಿ ಬಿಟ್ಟುಹೋದ ಮೇಲೂ ಬಹುಕಾಲ ಉಳಿದಿದ್ದವೆಂದು ಗೊತ್ತಾಯಿತು. ಆದ್ದರಿಂದ ನಿಲುಗಡೆಯೊಂದನ್ನೇ ನೋಡಿ ಇಂಥ ವರ್ಷವೆಂದು ಹೇಳುವುದು ಸಾಹಸವೇ ಸರಿ.

ಕಾಲವನ್ನು ಹೇಳುವುದರಲ್ಲಿ ನಿಲುಗಡೆ ತಪ್ಪಬಹುದು. ಸ್ಥಳವನ್ನು ಹೇಳುವುದರಲ್ಲಿ ತಪ್ಪುವುದು ಅಪರೂಪ. ತೊಲೆಯ ಒಂದು ಕೊನೆಯಲ್ಲಿ ನಿಲುಗಡೆಯಿದ್ದು ಇನ್ನೊಂದು ಕೊನೆಯಲ್ಲಿ ಓರೆಯಂಚು ನೇರವಾಗಿ ಗೋಡೆಯೊಳಗೆ ಹೊಕ್ಕಿದ್ದರೆ, ಆ ಗೋಡೆ ಆಮೇಲೆ ಬಂದುದು. ಕೋಣೆ ಹಿಂದೆ ದೊಡ್ಡದಿತ್ತು. ನಡುದಾರಿಯಲ್ಲಿ ಎರಡು ನಿಲುಗಡೆಗಳು ಎದುರುಬದುರಾಗಿ ನಿಂತು, ಅವುಗಳ ನಡುವೆ ಸವರದ ಚೌಕ ಮೈ ಉಳಿದಿದ್ದರೆ, ಅಲ್ಲಿ ಹಿಂದೆ ಹಲಗೆಗೋಡೆಯೋ ಕಂಬವೋ ಇತ್ತು. ಗೋಡೆಯನ್ನು ಕೆಡವಿದವರೂ ಅದನ್ನು ಕಂಡವರೂ ಎಲ್ಲರೂ ಗತಿಸಿದ ಮೇಲೂ ತೊಲೆ ಅದನ್ನು ಹೇಳುತ್ತದೆ.

ಇದನ್ನು ಓದಿ ಬಲ್ಲೆವಾದ್ದರಿಂದಲೇ ಪ್ಲೈವುಡ್ಡಿನ ಮಾತು ಬಂದ ಮರುದಿನ ಏಣಿ ಹಾಕಿಸಿ ನಾವೇ ಹತ್ತಿ ನೋಡಿದೆವು. ನಮ್ಮ ವಯಸ್ಸಿಗೆ ಅದು ತಕ್ಕ ಕೆಲಸವಲ್ಲವೆಂದು ಸಕ್ರಿಸ್ತಿಯ ಸೇವಕರು ಕೆಳಗಿನಿಂದ ಗೊಣಗುತ್ತಿದ್ದರು. ಎರಡು ತೊಲೆಗಳಲ್ಲಿ ಕೊನೆಗಳಲ್ಲಿ ಮಾತ್ರ ನಿಲುಗಡೆಗಳಿವೆ. ನಡುವಣ ತೊಲೆಯಲ್ಲಿ ಹಾಗಲ್ಲ. ಅದರ ಸರಿಯಾದ ಮಧ್ಯದಲ್ಲಿ ಓರೆಯಂಚು ನಾಲಗೆಯಾಗಿ ನಿಲ್ಲುತ್ತದೆ; ಒಂದು ಮೊಳದಷ್ಟು ಚೌಕ ಮೈ ಉಳಿಯುತ್ತದೆ; ಮತ್ತೆ ನಾಲಗೆಯಿಂದ ಓರೆಯಂಚು ಆರಂಭವಾಗುತ್ತದೆ. ಆ ಚೌಕದ ಅಡಿಮೈಯಲ್ಲಿ ಬಣ್ಣ ತುಂಬಿ ಮುಚ್ಚಿದ ಒಂದು ಗೂಡು. ಅಲ್ಲಿ ಕಂಬವಿತ್ತು! ಬಾಗಿಲಿನ ಎದುರಿಗೇ ಅಡ್ಡವಾಗುವುದೆಂದು ಯಾವಾಗಲೋ ಯಾರೋ ತೆಗೆಸಿದ್ದಾರೆ. ನಮ್ಮ ದಾಖಲೆಯ ಪುಸ್ತಕಗಳಲ್ಲಿ ಅದರ ಪ್ರಸ್ತಾಪವಿಲ್ಲ. ಧರ್ಮಕೇಂದ್ರದ ಅತ್ಯಂತ ಹಿರಿಯರಾದ ತಾಯಿಯೊಬ್ಬರನ್ನು ಕೇಳಿದಾಗ, ಚಿಕ್ಕಂದಿನಲ್ಲಿ ದೀರ್ಘ ಪ್ರಸಂಗಗಳ ನಡುವೆ ಆ ಕಂಬಕ್ಕೆ ಒರಗಿ ನಿದ್ರೆ ಮಾಡಿದ ನೆನಪು ಅವರಿಗಿತ್ತು.

ದಾರ ಹಿಡಿದು ನೋಡಿದರೆ ಆ ತೊಲೆ ನಡುವಿನಲ್ಲಿ ಎರಡು ಬೆರಳು ತಗ್ಗಿದೆ. ಉತ್ಸವದ ದಿನ ಅದರ ಮೇಲೆ ವಾದ್ಯದೊಂದಿಗೆ ನಲವತ್ತು ಮಂದಿ ಗಾಯಕರು ನಿಲ್ಲಬೇಕೆಂದು ತೀರ್ಮಾನವಾಗಿತ್ತು. ಕೀಸುಳಿ ಹಾಕಿದ್ದರೆ ನಿಲುಗಡೆಗಳು ಹೋಗುತ್ತಿದ್ದವು. ಪ್ಲೈವುಡ್ ಹೊದಿಸಿದ್ದರೆ ತಗ್ಗೂ ಮರೆಯಾಗುತ್ತಿತ್ತು. ಬಂದು ಪರೀಕ್ಷಿಸಿದ ಎಂಜಿನಿಯರರು ಹೆಚ್ಚು ಮಾತನಾಡಲಿಲ್ಲ. ಕಂಬ ಬರುವವರೆಗೆ ಅಟ್ಟವನ್ನು ಯಾರೂ ಹತ್ತಬಾರದೆಂದು ಹೇಳಿ ಹೋದರು.

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಯೌವನದಲ್ಲಿ ಬೇರೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ ಪ್ರಸಾದ ಸ್ವೀಕಾರದ ಹಳೆಯ ಮರದ ಕಟಕಟೆಯನ್ನು ತೆಗೆಸಿ ಬೆಂಚುಗಳಿಗೆ ಬಳಸಿದೆವು. ಅದರ ಏಣುಗಳಲ್ಲಿದ್ದ ನಿಲುಗಡೆಗಳನ್ನು ಹೊಲಸು ಹಿಡಿಯುವ ಮೂಲೆಗಳೆಂದು ತಿಳಿದು ಉಜ್ಜಿಸಿಬಿಟ್ಟೆವು. ಆಗ ನಮಗೆ ಅವು ಏನೆಂದು ತಿಳಿದಿರಲಿಲ್ಲ.

ತಿಳಿದಿರಬೇಕಾಗಿತ್ತು. ಏಕೆಂದರೆ ಈ ವಿಷಯಕ್ಕೂ ಕಥೋಲಿಕ ಸೆಮಿನರಿಯೊಂದಕ್ಕೂ ನೇರ ಸಂಬಂಧವಿದೆ. ಅಗಸ್ಟಸ್ ವೆಲ್ಬಿ ಪ್ಯೂಜಿನ್ 1812ರಲ್ಲಿ ಹುಟ್ಟಿದ ಇಂಗ್ಲಿಷ್ ವಾಸ್ತುಶಿಲ್ಪಿ. ಹದಿನೈದನೆಯ ವಯಸ್ಸಿನಲ್ಲಿಯೇ, 1827ರಲ್ಲಿ, ವಿಂಡ್ಸರ್ ಅರಮನೆಗೆ ಪೀಠೋಪಕರಣಗಳ ನಕ್ಷೆ ಬರೆದನು. ಕಥೋಲಿಕರಿಗೆ ಇಂಗ್ಲೆಂಡಿನಲ್ಲಿ ಪೌರಹಕ್ಕುಗಳು ಮರಳಿದುದು 1829ರಲ್ಲಿ. 1835ರಲ್ಲಿ ಪ್ಯೂಜಿನ್ ಕಥೋಲಿಕ ಧರ್ಮಸಭೆಯನ್ನು ಸೇರಿದನು. ಬರ್ಮಿಂಗ್‌ಹ್ಯಾಮಿನ ಬಳಿಯ ಆಸ್ಕಾಟ್ ಸೆಮಿನರಿಯಲ್ಲಿ ಗುರುಗಳಾಗಲಿರುವ ವಿದ್ಯಾರ್ಥಿಗಳಿಗೆ ಅವನು ಕೊಟ್ಟ ಉಪನ್ಯಾಸಗಳು 1841ರಲ್ಲಿ ಗ್ರಂಥವಾಗಿ ಬಂದವು. ಅದರ ತಿರುಳು ಎರಡು ನಿಯಮಗಳು. ಅನುಕೂಲ, ರಚನೆ, ಔಚಿತ್ಯ ಇವುಗಳಿಗೆ ಬೇಕಿಲ್ಲದುದು ಕಟ್ಟಡದಲ್ಲಿ ಇರಬಾರದು. ಅಲಂಕಾರವು ರಚನೆಯ ಅಗತ್ಯ ಭಾಗಗಳನ್ನೇ ಸಿಂಗರಿಸಬೇಕು. ವಿಂಡ್ಸರಿಗೆ ತಾನು ಬಾಲ್ಯದಲ್ಲಿ ಬರೆದ ಕುರ್ಚಿಮೇಜುಗಳೇ ಈ ನಿಯಮಗಳನ್ನು ಮುರಿದ ವಿಕಾರಗಳೆಂದು ಅದೇ ಗ್ರಂಥದಲ್ಲಿ ಒಪ್ಪಿಕೊಂಡನು. ತನ್ನ ತಪ್ಪನ್ನು ವಿದ್ಯಾರ್ಥಿಗಳ ಮುಂದೆ ಹೇಳಿಕೊಳ್ಳುವ ಬೋಧಕ ಅಪರೂಪ.

ನಿಲುಗಡೆಯುಳ್ಳ ಓರೆಯಂಚು ಈ ಎರಡು ನಿಯಮಗಳಿಗೂ ಸಾಕಾರ ರೂಪ. ಪ್ಯೂಜಿನ್ ತನ್ನ ಸರಳ ಓಕ್ ಮೇಜುಗಳಲ್ಲಿ ಕೂಡಿಕೆಯನ್ನೂ ಬೆಣೆಯನ್ನೂ ಮರೆಮಾಡದೆ ತೋರಿಸಿ, ಏಣುಗಳನ್ನು ಸವರಿ, ಮರ ಮರವನ್ನು ಕೂಡುವಲ್ಲಿ ಸವರಿಕೆಯನ್ನು ನಿಲ್ಲಿಸಿದನು. 1846ರಲ್ಲಿ ಮುಗಿದ ಚೀಡಲ್ ಊರಿನ ಸಂತ ಜೈಲ್ಸರ ದೇವಾಲಯ ಅವನ ಕಲೆಯ ಶಿಖರ. 1852ರಲ್ಲಿ, ನಲವತ್ತು ವರ್ಷ ತುಂಬಿದ ವರ್ಷವೇ, ಅವನು ತೀರಿಕೊಂಡನು. ಅವನೂ ಅವನ ಸಮಕಾಲೀನರೂ ಎಬ್ಬಿಸಿದ ಗಾಥಿಕ್ ಅಲೆ ಸಮುದ್ರ ದಾಟಿ ನಮ್ಮಲ್ಲಿಗೂ ಬಂತು. ಬೆಂಗಳೂರಿನ ಶಿವಾಜಿನಗರದ 1882ರ ಸಂತ ಮರಿಯಮ್ಮನವರ ದೇವಾಲಯವೂ, 1933ರಲ್ಲಿ ಅಡಿಗಲ್ಲು ಬಿದ್ದ ಮೈಸೂರಿನ ಸಂತ ಫಿಲೋಮಿನಾ ದೇವಾಲಯವೂ ಆ ಶೈಲಿಯವು. ಚಿಕ್ಕ ಊರುಗಳ ದೇವಾಲಯಗಳಿಗೆ ಶಿಖರ ಕಟ್ಟುವ ಶಕ್ತಿ ಇರಲಿಲ್ಲ. ತೊಲೆಯ ತುದಿಯಲ್ಲಿ ಒಂದು ನಾಲಗೆಯನ್ನು ಕೆತ್ತಿಸುವ ಶಕ್ತಿ ಇತ್ತು.

ಒಳ್ಳೆಯದು ವಾಡಿಕೆಯಾದಾಗ ಅತಿಯಾಗುವುದೂ ಉಂಟು. 19ನೇ ಶತಮಾನದ ಕೊನೆಯ ಹೊತ್ತಿಗೆ ಕೂಡಿಕೆಯಿಲ್ಲದ ಕಡೆಯಲ್ಲಿಯೂ ನಿಲುಗಡೆ, ಕಪಾಟಿಗೂ ನಿಲುಗಡೆ, ಟೊಪ್ಪಿ ತೂಗುಹಾಕುವ ಗೂಟಕ್ಕೂ ನಿಲುಗಡೆ ಎಂಬಂತಾಯಿತು. ಅಗತ್ಯವನ್ನು ಮರೆತ ಅಲಂಕಾರ ಹೇಗಿರುತ್ತದೆಂಬುದಕ್ಕೆ ಆ ಕಾಲದ ಕೆಲವು ಕುರ್ಚಿಗಳು ಸಾಕ್ಷಿ. ಇದಕ್ಕೆ ಪ್ರತಿಯಾಗಿ ಸರ್ರೆ ಪ್ರಾಂತದ ಫಾರ್ನಮ್ ಊರಿನ ಜಾರ್ಜ್ ಸ್ಟರ್ಟ್ ಎಂಬ ಗಾಡಿ ಅಂಗಡಿಯ ಯಜಮಾನ 1923ರಲ್ಲಿ ಬರೆದ ಪುಸ್ತಕ ನಮಗೆ ಬಹಳ ಮೆಚ್ಚುಗೆಯಾಯಿತು. ಗಾಡಿಯ ಮರಗಳನ್ನು ಅಂಚಿನುದ್ದಕ್ಕೂ ಸವರುತ್ತಿದ್ದುದು ನೋಟಕ್ಕೆ ಅಲಂಕಾರ. ನಿಜವಾಗಿ ಅದು ಕ್ಷೇತ್ರದಲ್ಲಿ ಎಳೆಯುವ ಕುದುರೆಯ ಭಾರ ಇಳಿಸಲು ಎಂದು ಅವನು ವಿವರಿಸಿದ್ದಾನೆ. ಬಲ ಬೇಕಾದಲ್ಲಿ ಮರ ಉಳಿಯುತ್ತಿತ್ತು, ಬೇಡವಾದಲ್ಲಿ ಹೋಗುತ್ತಿತ್ತು. ಅರ್ನೆಸ್ಟ್ ಗಿಮ್ಸನ್ ಮತ್ತು ಸಿಡ್ನಿ ಬಾರ್ನ್ಸ್‌ಲಿ ಎಂಬ ಕುಶಲಕರ್ಮಿಗಳು ಹಳ್ಳಿಯ ಗಾಡಿಗಳಿಂದಲೇ ಈ ಓರೆಯಂಚನ್ನು ಕಲಿತು ತಮ್ಮ ಮೇಜುಗಳಿಗೆ ತಂದರು. ಲಂಡನ್ನಿನ ಕಥೋಲಿಕ ವೆಸ್ಟ್‌ಮಿನ್‌ಸ್ಟರ್ ಪ್ರಧಾನಾಲಯದಲ್ಲಿ ಸಂತ ಅಂದ್ರೆಯರ ಉಪಾಲಯದ ಆಸನಗಳು ಗಿಮ್ಸನ್ನನ ಕೃತಿ.

ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯದ ಮಾಡು 2019ರ ಏಪ್ರಿಲ್ 15ರಂದು ಸುಟ್ಟುಹೋದುದು ವಾಚಕರಿಗೆ ನೆನಪಿರಬಹುದು. ಆ ಮರದ ಮಾಡನ್ನು ಹಿಂದಿನಂತೆಯೇ ಓಕ್ ಮರದಲ್ಲಿ, ಕೊಡಲಿಯಿಂದ ಕೆತ್ತಿ, ಮತ್ತೆ ಕಟ್ಟಲಾಯಿತು. 2024ರ ಡಿಸೆಂಬರಿನಲ್ಲಿ ದೇವಾಲಯ ತೆರೆಯಿತು. ಇದು ಸಾಧ್ಯವಾಗಲು ಒಂದು ದೊಡ್ಡ ಕಾರಣವೆಂದರೆ 2014ರಲ್ಲಿ ಇಬ್ಬರು ವಾಸ್ತುಶಿಲ್ಪಿಗಳು ಆ ಕಗ್ಗತ್ತಲೆಯ ಮಾಡಿನೊಳಗೆ ಕುಳಿತು ತೊಲೆ ತೊಲೆಯನ್ನೂ ಅಳೆದು ಬರೆದಿಟ್ಟಿದ್ದುದು. ಆಗ ಬೆಂಕಿಯ ಯೋಚನೆ ಯಾರಿಗಿತ್ತು?

ನಮ್ಮ ಅಟ್ಟದ ನಿಲುಗಡೆಗಳನ್ನೂ ಕಾಗದ ಒತ್ತಿ ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ಕಚೇರಿಯಲ್ಲಿ ಇರಿಸಿದ್ದೇವೆ. ಕಂಬವನ್ನು ಪುನಃ ನಿಲ್ಲಿಸಲು ಸಮಿತಿ ಒಪ್ಪಿತು. ಬಾಗಿಲಿಗೆ ಎದುರಾಗುವುದೆಂಬ ದೂರು ಮತ್ತೆ ಬಂದಿದೆ. ಮದುವೆಯ ಮೆರವಣಿಗೆಗಳು ಒಂದು ಮಗ್ಗುಲಿನಿಂದ ಬರಬೇಕಾಗುವುದು. ಶುಭಸಂದೇಶದ ಗ್ರೀಕ್ ಮೂಲದಲ್ಲಿ ಸಂತ ಜೋಸೆಫರನ್ನು ಕರೆದಿರುವ ತೆಕ್ತೋನ್ ಎಂಬ ಪದಕ್ಕೆ ಬಡಗಿಯೆಂದೂ ಕಟ್ಟುವವನೆಂದೂ ಅರ್ಥವಾಗುತ್ತದೆಂದು ಸೆಮಿನರಿಯಲ್ಲಿ ಓದಿದ್ದೆವು. ಕಂಬ ಮಾಡಲು ಬಂದ ತರುಣ ಬಡಗಿಗೆ ಈ ಮಾತು ಹೇಳಿದಾಗ ಅವನು ನಕ್ಕು, "ಸ್ವಾಮಿ, ಏಣು ಹೊಡೀಲೋ ಬಿಡ್ಲೋ ಅಷ್ಟು ಹೇಳಿ" ಎಂದನು. ಮೇಲಿನ ತೊಲೆಯನ್ನು ತೋರಿಸಿದೆವು. ಅವನು ಏಣಿ ಹತ್ತಿ, ಹಳೆಯ ನಾಲಗೆಯ ಮೇಲೆ ಹೆಬ್ಬೆರಳಾಡಿಸಿ, ಬಹಳ ಹೊತ್ತು ಸುಮ್ಮನಿದ್ದನು. ಕಂಬದ ನಾಲ್ಕು ಏಣುಗಳಿಗೂ ಮೇಲೆ ಕೆಳಗೆ ಸೇರಿ ಎಂಟು ನಿಲುಗಡೆಗಳಾದವು. ಮೊದಲನೆಯದರಲ್ಲಿ ಅವನು ಉಳಿಯನ್ನು ಏರುಮುಖವಾಗಿ ತಳ್ಳಿದ್ದರಿಂದ ಒಂದು ಚಕ್ಕೆ ಎದ್ದುಹೋಯಿತು. ಆ ಮೂಲೆಯನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದಾನೆ.